ಊರ ವಿಷಯ ನಾಲ್ಕು ಮಾತು

ಶಿವಮೊಗ್ಗದಲ್ಲಿ ರೈಲು ಹತ್ತಿ ಎಲೆ-ಅಡಿಕೆ ಹಾಕಿಕೊಂಡರೆ, ಬಾಯಿ ಕೆಂಪಗಾಗಿ ಉಗುಳುವಷ್ಟರಲ್ಲಿ ಭದ್ರಾವತಿ ಬಂದಿರುತ್ತದೆ. ಇಷ್ಟು ದೂರಕ್ಕೆ ಯಾರಾದರೂ ಕಾಗದ ಬರೆಯುತ್ತಾರೆಯೇ? ಅಡಿಕೆ ಮಂಡಿ ಗಂಗಾಧರಪ್ಪನವರು ಬರೆಯುತ್ತಿದ್ದರು. ಅದೂ ವಾರವಾರವೂ, ಲಕೋಟೆಯ ಹೊಟ್ಟೆ ಒಡೆಯುವ ಹಾಗೆ, ಹೊಟ್ಟೆಯಲ್ಲಿ ಹುಟ್ಟಿದ ಮಗನಿಗೆ.

ಕಾರಣ ಇತ್ತು. ಮಗ ಓಂಕಾರಪ್ಪ ಇನ್ನೇನು ಗಾದಿಯ ಮೇಲೆ ಕೂರುತ್ತಾನೆ ಅನ್ನುವ ಹೊತ್ತಿಗೆ ಮಂಡಿ ಬಿಟ್ಟು ಭದ್ರಾವತಿಗೆ ಹೋದ. ಹಳೇ ಊರಿನಲ್ಲಿ ಕಾಲಲ್ಲಿ ತುಳಿಯುವ ಒಂದು ಅಚ್ಚಿನ ಮಿಷನ್ನು ಇಟ್ಟುಕೊಂಡು 'ಹೊಳೆದಂಡೆ' ಅನ್ನುವ ವಾರಪತ್ರಿಕೆ ಶುರು ಮಾಡಿದ. ಕಬ್ಬಿಣದ ಕಾರ್ಖಾನೆಯವರು, ಕಾಗದದ ಮಿಲ್ಲಿನವರು ಓದುತ್ತಿದ್ದರು. ಓದಿದವರೆಲ್ಲ ಚಂದಾ ಕೊಡುತ್ತಿದ್ದರು ಅಂತೇನಿಲ್ಲ. "ಅಡಿಕೆ ಮಾರೋ ಮನೇಲಿ ಹುಟ್ಟಿ ಸುದ್ದಿ ಮಾರ್ತೀಯಾ? ಇನ್ನು ನಿನ್ನ ಮುಖ ನೋಡಲ್ಲ, ಹೋಗು" ಅಂದುಬಿಟ್ಟರು ಗಂಗಾಧರಪ್ಪನವರು. ಅಂದ ಮೇಲೆ ಮುಗಿಯಿತು. ಅವರು ಒಂದು ಸಲ ಕೂಗಿದ ಧಾರಣೆಯನ್ನು ಮರುಗಳಿಗೆಗೆ ಮುಂಬಯಿಯಿಂದ ತಂತಿ ಬಂದರೂ ಬದಲಾಯಿಸಿದವರಲ್ಲ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಆ ಬಜಾರಿನಲ್ಲಿ ಅವರ ಹೆಸರಿಗೆ ಇದ್ದ ಬೆಲೆಯೆಲ್ಲ ಇದೊಂದರಿಂದ ಬಂದದ್ದು.

ಆದರೆ ಮಗನ ಮೇಲಿನ ಕರುಳು ಕೇಳಬೇಕಲ್ಲ! ಒಂದೇ ವಾರಕ್ಕೆ ಚಡಪಡಿಸಿ ಹೋದರು. ಹೆಂಡತಿ ಕಾಶಮ್ಮ ಸೆರಗಿನ ಮರೆಯಲ್ಲಿ ನಗುತ್ತ, "ಮುಖ ನೋಡಲ್ಲ ಅಂದ್ರಿ. ಕಾಗದ ಬರೆಯಲ್ಲ ಅಂದ್ರಾ?" ಎಂದು ದಾರಿ ತೋರಿಸಿದಳು. ಅಂದಿನಿಂದ ಶುರುವಾಯಿತು ಈ ಕಾಗದದ ಕಾರುಬಾರು.

ಕಾಗದ ಗಂಗಾಧರಪ್ಪನವರದು, ಕೈ ಮಾತ್ರ ಮಗಳು ಜಗದಾಂಬಾಳದು. ಮಂಡಿಯ ಹಿಂದೆಯೇ ಮನೆ. ನಡುವಿನ ಬಾಗಿಲ ಹೊಸ್ತಿಲ ಈಚೆ ಅವಳು ಮಣೆಯ ಮೇಲೆ ಕೂತು ಬರೆಯುವುದು, ಆಚೆ ಗಾದಿಯ ಮೇಲೆ ಕೂತು ಅಪ್ಪ ಹೇಳುವುದು. ಹೇಳುವುದೆಂದರೆ ಅದೇನು ಸರಾಗವೇ? ಒಂದು ಕಣ್ಣು ತಕ್ಕಡಿಯ ಮೇಲೆ, ಒಂದು ಕಣ್ಣು ಚೀಲದ ಮೇಲೆ.

"ಬರಿ. ರಾಶಿ ಅಡಿಕೆ ಧಾರಣೆ ಇಳಿದಿದೆ, ಬೆಟ್ಟೆ ಅಡಿಕೇದು ನಿಂತಿದೆ. ಏಯ್, ಆ ಚೀಲ ಬಿಸಿಲಿಗೆ ಇಡ್ರೋ! ಬರದ್ಯಾ? ಪತ್ರಿಕೆ ಮಾಡಿ ಯಾವನೂ ಉದ್ಧಾರ ಆಗಿಲ್ಲ ಅಂತ ಬರಿ. ಹೊತ್ತಿಗೆ ಸರಿಯಾಗಿ ಉಣ್ಣು ಅಂತ ಬರಿ. ಆಮೇಲೆ... ಊರ ವಿಷಯ ನಾಲ್ಕು ಮಾತು ನೀನೇ ಸೇರಿಸು."

ಈ ಕೊನೆಯ ಮಾತು ಪ್ರತಿವಾರವೂ ಬರುತ್ತಿತ್ತು. ಜಗದಾಂಬಾ ಸೇರಿಸುತ್ತಿದ್ದಳು. ಮುಗಿದ ಮೇಲೆ ಅಪ್ಪ ಹಾಳೆ ತೆಗೆದುಕೊಂಡು ಕೆಳಗೆ ರುಜು ಎಳೆಯುವರು. ಓದುತ್ತಿರಲಿಲ್ಲ. ಇದು ಅವರ ತಂದೆಯ ಕಾಲದ ರೂಢಿ: ಗಾದಿಯ ಪಕ್ಕ ಕೂತು ಬರೆದವನ ಬರವಣಿಗೆಯನ್ನು ಯಜಮಾನ ತಿರುಗಿ ಓದಬಾರದು. ಓದಿದರೆ ಅನುಮಾನ ಪಟ್ಟಂತೆ. ಅನುಮಾನ ಇದ್ದರೆ ಅವನನ್ನು ಅಲ್ಲಿ ಕೂರಿಸಿಕೊಂಡದ್ದೇ ತಪ್ಪು. ಗುಮಾಸ್ತರಿಗೆ ಇದ್ದ ಈ ಮರ್ಯಾದೆ ಮಗಳಿಗೂ ಸಂದಿತ್ತು.

ಜಗದಾಂಬಾಗೆ ಆಗ ಹತ್ತೊಂಬತ್ತು ತುಂಬಿ ಇಪ್ಪತ್ತು ನಡೆಯುತ್ತಿತ್ತು. ಹೊಸ ಮೈಸೂರು ರಾಜ್ಯ ಹುಟ್ಟಿ ಎರಡನೆಯ ಬೇಸಿಗೆ ಅದು. ಇಂಟರ್‌ಮೀಡಿಯೆಟ್ ಪಾಸು ಮಾಡಿ ಮನೆಯಲ್ಲಿ ಕೂತಿದ್ದಳು. ಕೂತಿದ್ದಳು ಅಂತ ಹೇಳುವುದಷ್ಟೆ. ಅವಳ ಜೀವ ಒಂದು ಕಡೆ ಕೂತದ್ದೇ ಇಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಬಿ.ಎ.ಗೆ ಪತ್ರಿಕೋದ್ಯಮ ಅನ್ನುವುದನ್ನೂ ಒಂದು ಪಾಠವಾಗಿ ಹೇಳಿಕೊಡುತ್ತಾರೆಂದು ಅಣ್ಣನ ಪತ್ರಿಕೆಯಲ್ಲೇ ಓದಿದ ದಿನದಿಂದ ಅವಳಿಗೆ ಅನ್ನ ರುಚಿಸುತ್ತಿರಲಿಲ್ಲ. ಸುದ್ದಿ ಬರೆಯುವುದನ್ನು ಕಲಿಸುತ್ತಾರಂತೆ! ಅಲ್ಲಿಗೆ ಹೋಗಬೇಕು. ಈ ಜೂನಿಗೇ ಹೋಗಬೇಕು. ಮುಂದಿನ ವರ್ಷ ಅಂದರೆ ಅಷ್ಟರಲ್ಲಿ ಹರಿಹರದ ಕಡೆಯ ಯಾವನೋ ಒಬ್ಬ ಜವಳಿ ಅಂಗಡಿಯವನು ಬಂದು ತಾಳಿ ಕಟ್ಟಿ ಕರಕೊಂಡು ಹೋಗುತ್ತಾನೆಂದು ಅವಳಿಗೆ ಗೊತ್ತಿತ್ತು. ಕಾಶಮ್ಮ ಆಗಲೇ ಜಾತಕ ತರಿಸಿದ್ದಳು.

ಅಪ್ಪನನ್ನು ಕೇಳಿದಳು. ತಕ್ಕಡಿ ತೂಗುತ್ತಿತ್ತು. "ಅಪ್ಪಾಜಿ, ನಾನು ಮೈಸೂರಿಗೆ..."

"ಹ್ಞೂಂ, ಹ್ಞೂಂ, ನೋಡೋಣ. ಮೈಸೂರಿಂದ ಆ ವೀಳ್ಯದೆಲೆ ಸಾಹುಕಾರನ ಕಾಗದ ಬಂತಾ?"

ಹೀಗೆ! ಇನ್ನೊಮ್ಮೆ ಕೇಳಿದಾಗ, "ನೀನು ಹೋದ್ರೆ ಕಾಗದ ಬರೆಯೋರು ಯಾರು ಮಾರಾಯ್ತಿ?" ಎಂದು ನಕ್ಕರು. ತಮಾಷೆ ಅಂದುಕೊಂಡರೋ ಏನೋ. ಜಗದಾಂಬಾ ಒಳಗೆ ಬಂದು ಪಾತ್ರೆಗಳನ್ನು ಕುಕ್ಕಿದಳು. ಕಾಶಮ್ಮ, "ಪಾತ್ರೆ ಏನ್ ಮಾಡಿತ್ತೇ ನಿನಗೆ?" ಅಂದಳು.

ಮಂಡಿಯ ರೂಢಿಗಳನ್ನೆಲ್ಲ ಹೊಸ್ತಿಲ ಈಚೆಯಿಂದ ನೋಡಿ ನೋಡಿ ಅವಳ ಕಣ್ಣು ಚುರುಕಾಗಿತ್ತು. ಅಪ್ಪ ಸೇರಿಸು ಅಂದ ನಾಲ್ಕು ಮಾತು ಈಗ ನಾಲ್ಕು ಹಾಳೆಯಾಗತೊಡಗಿತು. ಮಾದರಿ ನೋಡುತ್ತೇವೆಂದು ರೈತನ ಚೀಲದಿಂದ ತೆಗೆದ ಹಿಡಿ ಅಡಿಕೆ ಚೀಲಕ್ಕೆ ವಾಪಸು ಹೋಗುವುದಿಲ್ಲ, ಸಂಜೆಯ ಹೊತ್ತಿಗೆ ಅದೇ ಒಂದು ಚೀಲವಾಗುತ್ತದೆ ಎಂದು ಬರೆದಳು. ಸುಲಿದು, ಬೇಯಿಸಿ, ಒಣಗಿಸಿ, ಆರಿಸುವ ಹೆಂಗಸರ ಬೆರಳಿನ ಕರೆ ಸಾಯುವ ತನಕ ಹೋಗುವುದಿಲ್ಲ, ಧಾರಣೆ ಕೂಗುವ ದಿನ ಅವರಲ್ಲಿ ಒಬ್ಬಳೂ ಮಂಡಿಯ ಮೆಟ್ಟಿಲು ಹತ್ತುವುದಿಲ್ಲ ಎಂದು ಬರೆದಳು. ವರ್ತಕರ ಮನೆಯಲ್ಲಿ ಮಗನಿಗೆ ಎಣಿಸುವುದನ್ನು ಕಲಿಸುತ್ತೇವೆ, ಮಗಳ ಓದು ನಿಲ್ಲಿಸಿ ಬಾಯಿ ಮುಚ್ಚುವುದನ್ನು ಕಲಿಸುತ್ತೇವೆ ಎಂದು ಬರೆದಳು. ಕೆಳಗೆ ಅಪ್ಪ ರುಜು ಹಾಕಿದರು.

ಭದ್ರಾವತಿಯಲ್ಲಿ ಓಂಕಾರಪ್ಪನಿಗೆ ಪತ್ರಿಕೆ ತುಂಬಿಸಲು ಸರಕಿಲ್ಲದೆ ಒದ್ದಾಟ. ಅವನು ಏನು ಮಾಡಿದನೆಂದರೆ, ರಾಶಿ ಬೆಟ್ಟೆಯ ಸಮಾಚಾರ ಬಿಟ್ಟು ಉಳಿದದ್ದನ್ನು 'ಮಂಡಿಯಿಂದ ಒಂದು ಕಾಗದ' ಎಂದು ಅಚ್ಚು ಹಾಕಿಬಿಟ್ಟ. ಕೆಳಗೆ 'ಗಂ.' ಎಂದು ಒಂದೇ ಅಕ್ಷರ. ಒಂದೇ ಅಕ್ಷರ ಸಾಕಾಗುವುದಿಲ್ಲವೇ ಊರಿಗೆ?

ಪಕ್ಕದ ಮಂಡಿಯ ಜಂಬಣ್ಣ ಪತ್ರಿಕೆ ಹಿಡಿದುಕೊಂಡು ದಾಪುಗಾಲು ಹಾಕುತ್ತ ಬಂದ. ಈ ಜಂಬಣ್ಣನಿಗೆ ಯಾರ ಮನೆಯ ಹಾಲು ಉಕ್ಕಿದರೂ ಮೊದಲು ಗೊತ್ತಾಗಬೇಕು.

"ಗಂಗಾಧರಪ್ಪಾರೇ, ಏನ್ರೀ ಇದು? ಹಿಡಿ ಅಡಿಕೆ ಕಳ್ಳರು ಅಂದಿದೀರಲ್ರೀ ನಮ್ಮನ್ನ! ಇಡೀ ಬಜಾರು ಉರೀತಾ ಇದೆ."

ಅವನೇ ಗಟ್ಟಿಯಾಗಿ ಓದಿದ. ಹೊಸ್ತಿಲ ಈಚೆ ಜಗದಾಂಬಾ ಮಣೆಯಿಂದ ಅರ್ಧ ಎದ್ದಳು. ಅಪ್ಪನ ಬೆನ್ನು ಮಾತ್ರ ಕಾಣುತ್ತಿತ್ತು. ಜಂಬಣ್ಣ ಓದಿ ಮುಗಿಸಿ, "ಇದು ನೀವು ಬರೆದದ್ದಲ್ಲ ಅಂತ ಹೇಳಿಬಿಡಿ, ನಾನು ಎಲ್ರಿಗೂ ತಿಳಿಸ್ತೀನಿ. ಯಾರೋ ನಿಮ್ಮ ಹೆಸರು ಕೆಡಿಸೋಕೆ ಮಾಡಿದಾರೆ" ಅಂದ.

ಗಂಗಾಧರಪ್ಪನವರು ಪತ್ರಿಕೆ ಈಸಿಕೊಂಡು ಕೆಳಗಿನ 'ಗಂ.' ನೋಡಿದರು. ಆಮೇಲೆ, "ಕಾಗದಕ್ಕೆ ರುಜು ಹಾಕಿದ್ದು ನಾನೇ" ಅಂದರು. "ಈ ಮಂಡಿಯ ಗುರುತು ಬಿದ್ದ ಚೀಲ ಹೊರಗೆ ಹೋದ ಮೇಲೆ ಒಳಗೆ ಏನಿದ್ರೂ ನಮ್ದೇ ಜಂಬಣ್ಣಾ. ಹಮಾಲಿ ತಪ್ಪು ಮಾಡ್ದ ಅಂತ ನಾನು ಯಾವತ್ತಾದ್ರೂ ಹೇಳಿದ್ದು ಕೇಳಿದೀಯಾ?"

"ಹಂಗಾದ್ರೆ..."

"ಹಂಗಾದ್ರೆ ಏನು? ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ. ಇವತ್ತಿಂದ ನಮ್ಮ ಮಂಡೀಲಿ ಮಾದರಿ ಅಡಿಕೆ ಚೀಲಕ್ಕೇ ವಾಪಸು."

ಜಂಬಣ್ಣ ಬಾಯಿ ತೆರೆದುಕೊಂಡೇ ಹೋದ. ಅಪ್ಪ ಹೊಸ್ತಿಲ ಕಡೆ ತಿರುಗಿ ಮಗಳನ್ನು ನೋಡಿದರು. ಬೈಯಲಿಲ್ಲ. "ನಾಲ್ಕು ಮಾತು ಅಂದಿದ್ದೆ" ಅಂದರು, ಅಷ್ಟೇ. ಆ ದಿನ ಜಗದಾಂಬಾಗೆ ಅಪ್ಪನ ಕಾಲು ಹಿಡಿದು ಅತ್ತುಬಿಡಬೇಕು ಅನ್ನಿಸಿತು. ಇಂಥ ಅಪ್ಪ ಮೈಸೂರಿಗೆ ಕಳಿಸದೆ ಇರುತ್ತಾರೆಯೇ ಎಂದು ಆಸೆ ಚಿಗುರಿತು.

ಆಗಿದ್ದೇ ಬೇರೆ. ಬಜಾರು ಉರಿದದ್ದು ಎರಡು ವಾರ. ಆಮೇಲೆ ರೈತರು ಗಾಡಿ ಕಟ್ಟಿಕೊಂಡು ಗಂಗಾಧರಪ್ಪನವರ ಮಂಡಿಯನ್ನೇ ಹುಡುಕಿಕೊಂಡು ಬರತೊಡಗಿದರು. ಸಾಗರದ ಕಡೆಯಿಂದ ಒಬ್ಬ ಮೇಷ್ಟ್ರು ಬಂದು ಕೈಮುಗಿದು, "ಹೆಣ್ಣುಮಕ್ಕಳ ಬಗ್ಗೆ ಬರೆದಿದ್ದೀರಲ್ಲ, ಓದಿ ಕಣ್ಣಲ್ಲಿ ನೀರು ಬಂತು ಸ್ವಾಮಿ" ಅಂದರು. ಮೊದಮೊದಲು ಗಂಗಾಧರಪ್ಪನವರು ಮುಜುಗರಪಟ್ಟರು. ಆಮೇಲೆ ಮುಜುಗರ ಹೋಯಿತು. ಇನ್ನೂ ಆಮೇಲೆ, "ಹೌದ್ರೀ, ಬಹಳ ದಿನದಿಂದ ಮನಸ್ಸಲ್ಲಿತ್ತು" ಅನ್ನತೊಡಗಿದರು. ಹೊಸ್ತಿಲ ಈಚೆ ಜಗದಾಂಬಾ ಹಲ್ಲು ಕಚ್ಚಿದಳು. ಮನಸ್ಸಲ್ಲಿತ್ತಂತೆ! ಯಾರ ಮನಸ್ಸಲ್ಲಿ?

ಅಣ್ಣನಾದರೂ ಆದಾನೆಂದು ಅಪ್ಪನ ಕಾಗದದ ಕೊನೆಗೆ ಸಣ್ಣಕ್ಷರದಲ್ಲಿ, 'ಅಣ್ಣಾ, ನನ್ನ ಮೈಸೂರಿನ ವಿಷಯ ಅಪ್ಪಾಜಿಗೆ ನೀನು ಒಂದು ಮಾತು ಬರೆ' ಎಂದು ಬರೆದಳು. ಉತ್ತರ ಬಂತು. ಓಂಕಾರಪ್ಪನ ಕಾಗದಗಳನ್ನು ಅಪ್ಪನಿಗೆ ಓದಿ ಹೇಳುತ್ತಿದ್ದವಳೂ ಅವಳೇ. ಓದುತ್ತ ಹೋದಳು: ಕಾಗದದ ರೀಮಿನ ಬೆಲೆ ಏರಿದೆ, ಕಾರ್ಖಾನೆಯಲ್ಲಿ ಬೋನಸ್ಸಿನ ಗಲಾಟೆ ಇದೆ, 'ಮಂಡಿಯ ಕಾಗದ' ಬಂದ ಮೇಲೆ ಪತ್ರಿಕೆ ಎರಡರಷ್ಟು ಖರ್ಚಾಗುತ್ತಿದೆ. ಅಲ್ಲಿಂದ ಮುಂದೆ ಅವಳ ಬಾಯಿ ನಿಂತಿತು.

'ಜಗದಾಂಬಾ, ಈಗ ನೀನು ಮೈಸೂರಿಗೆ ಹೋದರೆ ನನ್ನ ಪತ್ರಿಕೆ ಮುಚ್ಚಬೇಕಾಗುತ್ತದೆ ಮಾರಾಯ್ತಿ. ಒಂದು ವರ್ಷ ತಡೆದುಕೋ. ಓದು ಎಲ್ಲಿಗೂ ಓಡಿಹೋಗುವುದಿಲ್ಲ.'

"ಯಾಕೆ ನಿಲ್ಲಿಸ್ದೆ?" ಎಂದರು ಅಪ್ಪ.

"ಅಕ್ಷರ ಕೂಡ್ತಿಲ್ಲ ಅಪ್ಪಾಜಿ. ಆರೋಗ್ಯ ಚೆನ್ನಾಗಿದೆ ಅಂತ ಬರೆದಿದಾನೆ."

ಹೆಣ್ಣುಮಕ್ಕಳ ಓದಿನ ಬಗ್ಗೆ ಮೊದಲ ಪುಟದಲ್ಲಿ ಅಚ್ಚು ಹಾಕುವ ಸಂಪಾದಕ ಇವನು! ಸಿಟ್ಟಿಗೆ ಅವಳ ಕಿವಿ ಬಿಸಿಯಾಯಿತು. ಅತ್ತ ದರಿ ಇತ್ತ ಪುಲಿ ಅನ್ನುವುದೂ ತಪ್ಪು. ಎರಡೂ ಕಡೆ ಇದ್ದದ್ದು ಅವಳ ಮೇಲೆ ಪ್ರೀತಿ ಇದ್ದವರೇ. ಅದಕ್ಕೇ ಇನ್ನೂ ಉರಿ.

ಮೇ ತಿಂಗಳಲ್ಲಿ ಓಂಕಾರಪ್ಪ ಪತ್ರಿಕೆಯ ವಾರ್ಷಿಕ ಸಭೆ ಇಟ್ಟುಕೊಂಡ. ಅಧ್ಯಕ್ಷತೆಗೆ ಅಪ್ಪನನ್ನೇ ಕರೆದ. ಅದರ ಹಿಂದೆ ಇನ್ನೊಂದು ಸಂಗತಿ ಇತ್ತು. ಶಿವಮೊಗ್ಗದ ಪುರಸಭೆಗೆ ಚುನಾವಣೆ ಬರಲಿತ್ತು. ಪಕ್ಷದ ಮುಖಂಡ ಉಜ್ಜನಪ್ಪನವರು ಹೊಸ ಮುಖ ಹುಡುಕುತ್ತಿದ್ದರು. "ಗಂಗಾಧರಪ್ಪನೋರು ಬರೆಯೋದು ನೋಡಿದೀವಿ, ಮಾತಾಡೋದು ನೋಡ್ಬೇಕು. ಸಭೆಗೆ ನಾನೂ ಬರ್ತೀನಿ" ಎಂದು ಹೇಳಿ ಕಳಿಸಿದ್ದರು.

ಕಾಶಮ್ಮ, "ಮಗನ ಮುಖ ನೋಡಲ್ಲ ಅಂದಿದೀರಿ, ವೇದಿಕೆ ಮೇಲೆ ಏನ್ ಮಾಡ್ತೀರಿ?" ಅಂದಳು.

"ಜನಗಳ ಮುಖ ನೋಡ್ತೀನಿ" ಅಂದರು ಗಂಗಾಧರಪ್ಪನವರು. ಮಗಳ ಕಡೆ ತಿರುಗಿ, "ಜಗದಾ, ಭಾಷಣಕ್ಕೆ ನಾಲ್ಕು ಮಾತು ಬರೆದುಕೊಡು. ಹೆಣ್ಣುಮಕ್ಕಳ ಓದಿನ ವಿಷಯ ಇರ್ಲಿ. ಜನ ಅದನ್ನೇ ಇಷ್ಟಪಡ್ತಾರೆ" ಅಂದರು. ಎದ್ದು ಹೋಗುತ್ತ ಖುಷಿಯಲ್ಲಿ ಸೇರಿಸಿದರು: "ಪುರಸಭೆಗೆ ನಿಂತ್ರೆ ಇನ್ಮೇಲೆ ದಿನಾ ಬರೆಯೋದು ಇರುತ್ತೆ ನೋಡು. ಹರಿಹರದೋರಿಗೂ ಒಂದು ವರ್ಷ ಬೇಡ ಅಂತ ಹೇಳಿಬಿಡೋಣ."

ಮದುವೆ ಮುಂದಕ್ಕೆ ಹೋಯಿತೆಂದು ಸಂತೋಷಪಡಬೇಕೋ, ತಾನು ಈ ಹೊಸ್ತಿಲಿಗೆ ಮೊಳೆ ಹೊಡೆದ ಹಾಗೆ ಕೂತೆನೆಂದು ಅಳಬೇಕೋ ಅವಳಿಗೆ ತಿಳಿಯಲಿಲ್ಲ. ಪೆನ್ನು ಕೈಯಲ್ಲಿತ್ತು. ತನ್ನ ಜಾಣತನವೇ ತನಗೆ ಉರುಳಾಯಿತಲ್ಲ! ಬರೆದಳು. ಸಿಟ್ಟಿನಲ್ಲಿ ಬರೆದದ್ದು, ಅದಕ್ಕೇ ಚೆನ್ನಾಗಿ ಬಂತು. ಕೊನೆಯ ಹಾಳೆಗೆ ಬಂದಾಗ ಕೈ ತಾನಾಗಿ ಒಂದು ಮಾತು ಬರೆಯಿತು. ಬರೆದದ್ದನ್ನು ನೋಡಿ ಅವಳೇ ಹೆದರಿದಳು. ಹರಿಯಬೇಕೆಂದು ಹಾಳೆ ಹಿಡಿದಳು, ಹರಿಯಲಿಲ್ಲ. ಮಡಿಸಿ ಅಪ್ಪನಿಗೆ ಕೊಟ್ಟಳು. ಅವರು ಕೋಟಿನ ಜೇಬಿಗೆ ಇಳಿಸಿದರು.

ಸಭೆಯ ದಿನ ರೈಲಿನಲ್ಲಿ ಅಪ್ಪನ ಎದುರಿಗೆ ಕೂತವಳಿಗೆ ನೆಟ್ಟಗೆ ಕೂರಲಾಗಲಿಲ್ಲ. ಕಿಟಕಿಯ ಹತ್ತಿರ ಸರಿದಳು, ಈಚೆ ಬಂದಳು, ಸೆರಗು ಸುತ್ತಿದಳು, ಬಿಚ್ಚಿದಳು. ಕೊನೆಗೆ ಬಾಯಿ ಬಿಟ್ಟಳು. "ಅಪ್ಪಾಜಿ, ಆ ಹಾಳೆಗಳನ್ನ ಒಂದ್ಸಲ ಓದಿಕೊಳ್ಳಿ. ಜನರೆದುರಿಗೆ ತಡವರಿಸಬಾರದು."

"ನೀನು ಬರೆದದ್ದನ್ನ ನಾನು ತಿರುಗಿ ಓದ್ತೀನಾ? ಯಾವತ್ತಾದ್ರೂ ಓದಿದೀನಾ?" ಎಂದು ಅವರು ಜೇಬಿನ ಮೇಲೆ ಕೈಯಿಟ್ಟು ನಕ್ಕರು. ಈಗಲೇ ಹೇಳಿಬಿಡಲೇ? ಹೇಳಿದರೆ ಹಾಳೆ ಕಿಟಕಿಯಿಂದ ಆಚೆ, ಮೈಸೂರೂ ಆಚೆ. ಹೇಳಲಿಲ್ಲ. ಕಾರ್ಖಾನೆಯ ಹೊಗೆ ಕೊಳವೆಗಳು ಕಂಡವು, ರೈಲು ನಿಂತಿತು.

ಹಳೇ ಊರಿನ ಶಾಲೆಯ ಅಂಗಳದಲ್ಲಿ ಸಭೆ. ಕಾರ್ಖಾನೆಯ ಪಾಳಿ ಮುಗಿಸಿ ಬಂದವರು ಸೈಕಲ್ಲುಗಳನ್ನು ಗೋಡೆಗೆ ಒರಗಿಸಿ ನಿಂತಿದ್ದರು. ಹಿಂದಿನ ಸಾಲಿನಲ್ಲಿ ಯಾರೋ ತಮಿಳಿನಲ್ಲಿ, ಯಾರೋ ತೆಲುಗಿನಲ್ಲಿ ಹರಟುತ್ತಿದ್ದರು. ಓಂಕಾರಪ್ಪ ಹಾರ ಹಾಕಲು ಬಂದಾಗ ಗಂಗಾಧರಪ್ಪನವರು ಹಾರದ ಹೂವನ್ನೇ ನೋಡುತ್ತ ಕತ್ತು ಬಾಗಿಸಿದರು. ಪಾಪ, ಅವನೂ ನೆಲ ನೋಡುತ್ತ ಹಾಕಿದ. ಜನಕ್ಕೆ ಇದು ವಿನಯವಾಗಿ ಕಂಡಿತು.

ಹೆಂಗಸರ ಸಾಲಿನ ಅಂಚಿನಲ್ಲಿ ಜಗದಾಂಬಾ ಕೂತಿದ್ದಳು. ಅಪ್ಪ ಕನ್ನಡಕ ಏರಿಸಿ ಓದತೊಡಗಿದರು. ಧಾರಣೆ ಕೂಗಿ ಪಳಗಿದ ಗಂಟಲು, ಮೈಕೇ ಬೇಕಿರಲಿಲ್ಲ. ಜನ ತಲೆದೂಗಿದರು. ಮುಂದಿನ ಸಾಲಿನಲ್ಲಿ ಉಜ್ಜನಪ್ಪನವರು ಪಕ್ಕದವನ ಕಿವಿಯಲ್ಲಿ ಏನೋ ಹೇಳಿ ನಕ್ಕರು. ಕೊನೆಯ ಹಾಳೆ ಬಂತು.

"ಹೇಳುವುದು ಸುಲಭ, ತೂಗಿ ಕೊಡುವುದು ಕಷ್ಟ" ಎಂದು ಓದಿದರು ಗಂಗಾಧರಪ್ಪನವರು. "ಊರಿಗೆಲ್ಲ ಬುದ್ಧಿ ಹೇಳಿ ಮನೆಯಲ್ಲಿ ಸುಮ್ಮನಿದ್ದರೆ ಅದು ವರ್ತಕನ ಮಾತಲ್ಲ. ಆದ್ದರಿಂದ ನಾನು ನನ್ನ ಮನೆಯಿಂದಲೇ ಶುರು ಮಾಡುತ್ತೇನೆ."

ನಿಲ್ಲಿಸಿದರು.

ಅವರ ಕಣ್ಣು ಹಾಳೆಯಲ್ಲಿ ಬರೆದಿದ್ದ ಮುಂದಿನ ಸಾಲಿಗೆ ಹೋಗಿತ್ತು. ಜಗದಾಂಬಾಗೆ ಅದು ಇಲ್ಲಿಂದಲೇ ಗೊತ್ತಾಯಿತು. ಕನ್ನಡಕ ತೆಗೆದರು, ಶಲ್ಯದ ಚುಂಗಿನಲ್ಲಿ ಒರೆಸಿದರು. ಅಲ್ಲಿಗೇ ಹಾಳೆ ಮಡಿಸಿ ಕೂತಿದ್ದರೂ ನಡೆಯುತ್ತಿತ್ತು, ಭಾಷಣ ಮುಗಿಯಿತೆಂದು ಜನ ಚಪ್ಪಾಳೆ ತಟ್ಟಿಬಿಡುತ್ತಿದ್ದರು. ಆದರೆ ಶುರು ಮಾಡುತ್ತೇನೆ ಅನ್ನುವ ಮಾತು ಬಾಯಿಂದ ಹೊರಬಿದ್ದಾಗಿತ್ತು. ಹಿಂದಿನಿಂದ ಒಬ್ಬ, "ಏನ್ ಶುರು ಮಾಡ್ತೀರಾ, ಹೇಳಿ ಸ್ವಾಮಿ!" ಎಂದು ಕೂಗಿದ. ಗಂಗಾಧರಪ್ಪನವರು ಹೆಂಗಸರ ಸಾಲಿನ ಕಡೆ ತಿರುಗಿ ಮಗಳನ್ನು ನೋಡಿದರು. ಅವಳು ತಲೆ ತಗ್ಗಿಸಲಿಲ್ಲ. ತಗ್ಗಿಸಬೇಕೆಂದಿದ್ದಳು, ಆಗಲಿಲ್ಲ.

ಕನ್ನಡಕ ಮತ್ತೆ ಏರಿತು. "ಬರುವ ಜೂನ್ ತಿಂಗಳಲ್ಲಿ ನನ್ನ ಮಗಳು ಜಗದಾಂಬಾಳನ್ನು ಮೈಸೂರಿನ ಮಹಾರಾಜ ಕಾಲೇಜಿಗೆ ಬಿ.ಎ. ಓದಲು ಕಳಿಸುತ್ತೇನೆ. ಇದು ಈ ಸಭೆಯ ಮುಂದೆ ನಾನು ಕೊಡುವ ಮಾತು."

ಚಪ್ಪಾಳೆಯೋ ಚಪ್ಪಾಳೆ. ಓಂಕಾರಪ್ಪನ ಮುಖ ಮಾತ್ರ ಇಂಗು ತಿಂದ ಮಂಗನದಾಗಿತ್ತು. ಉಜ್ಜನಪ್ಪನವರು ವೇದಿಕೆ ಹತ್ತಿ ಬಂದು ಎರಡೂ ಕೈ ಹಿಡಿದುಕೊಂಡು, "ನಮ್ಮ ಅಭ್ಯರ್ಥಿ ನೀವೇ, ಮುಗೀತು" ಅಂದರು.

"ಬೇಡ ಸ್ವಾಮಿ" ಅಂದರು ಗಂಗಾಧರಪ್ಪನವರು. "ನಮ್ಮ ಮಂಡೀಲಿ ಮಾತು ಬರೆಯೋರು ಮೈಸೂರಿಗೆ ಹೊರಟ್ರು. ನನಗೆ ಬರೋದು ಅಡಿಕೆ ಧಾರಣೆ ಒಂದೇ."

ಉಜ್ಜನಪ್ಪನವರು ಇದನ್ನೂ ಹಾಸ್ಯವೆಂದುಕೊಂಡು ಭುಜ ತಟ್ಟಿ ನಕ್ಕರು.

ಸಂಜೆಯ ರೈಲಿನಲ್ಲಿ ಡಬ್ಬಿ ಅರ್ಧ ಖಾಲಿ. ಅಪ್ಪ ಹಾರವನ್ನು ಪಕ್ಕದಲ್ಲಿ ಇಟ್ಟುಕೊಂಡು ಹೊರಗೆ ನೋಡುತ್ತಿದ್ದರು. ಬೈದರೂ ಸಾಕಿತ್ತು, ಅವಳಿಗೆ ಉಸಿರಾಡಲು ಆಗುತ್ತಿತ್ತು. ಊರು ಹತ್ತಿರ ಬಂದಾಗ ಅವರು ಕೇಳಿದರು.

"ಬಾಯಿ ಬಿಟ್ಟು ಕೇಳಬಹುದಿತ್ತಲ್ಲ ಜಗದಾ?"

"ಕೇಳಿದ್ದೆ ಅಪ್ಪಾಜಿ."

"ಯಾವಾಗ?"

"ನೀವು ವ್ಯಾಪಾರದಲ್ಲಿದ್ರಿ. ಒಂದ್ಸಲ ನಕ್ರಿ."

ಅವರು ನೆನಪು ಮಾಡಿಕೊಳ್ಳುವ ಹಾಗೆ ಹುಬ್ಬು ಗಂಟಿಕ್ಕಿದರು. ನೆನಪಾಯಿತೋ ಇಲ್ಲವೋ. ಹೊರಗಿನಿಂದ ಕಣ್ಣು ತೆಗೆದು ಅವಳ ಎದುರಿಗೆ ಸರಿಯಾಗಿ ಕೂತರು, ಎರಡೂ ಕೈ ಮೊಣಕಾಲ ಮೇಲಿಟ್ಟುಕೊಂಡು.

"ಈಗ ವ್ಯಾಪಾರ ಇಲ್ಲ. ಈಗ ಕೇಳು."

ಅಷ್ಟು ಹಾಳೆ ಬರೆದವಳಿಗೆ ಒಂದು ಮಾತು ಹೊರಡಿಸುವುದು ಇಷ್ಟು ಕಷ್ಟವೇ?

"ಅಪ್ಪಾಜಿ, ನಾನು ಓದೋದಕ್ಕೆ ಮೈಸೂರಿಗೆ ಹೋಗ್ಲಾ?"

"ಬೇಡ" ಅಂದರು ಗಂಗಾಧರಪ್ಪನವರು.

ಅವಳು ಕಣ್ಣು ಮಿಟುಕಿಸಲಿಲ್ಲ.

"ನೀನು ಕೇಳಿದ್ದಕ್ಕೆ ಇದು ಉತ್ತರ. ಸಭೇಲಿ ಕೊಟ್ಟ ಮಾತು ಬೇರೆ, ಅದು ನಡೆಯುತ್ತೆ. ಮನೆಗೆ ಹೋಗಿ ಟ್ರಂಕಿಗೆ ಹೊಸ ಬೀಗ ತರಿಸ್ತೀನಿ, ಹಾಸ್ಟೆಲ್ಲಿಗೆ ನಾನೇ ಬಂದು ಬಿಟ್ಟು ಬರ್ತೀನಿ. ಅವ್ವ ಕೇಳಿದ್ರೆ ಅಪ್ಪನೇ ಕಳಿಸ್ತಿದಾರೆ ಅಂತಾನೇ ಹೇಳು."

ಯಾಕೆ ಬೇಡ ಎಂದು ಜಗದಾಂಬಾ ಕೇಳಲಿಲ್ಲ; ತಿರುಗಿ ಓದದೆ ಅಪ್ಪ ಕೋಟಿನ ಜೇಬಿಗೆ ಇಳಿಸಿದ ಹಾಳೆಗಳು ಅವಳ ಕಣ್ಣ ಮುಂದೆ ಬಂದವು. ತುಂಗೆಯ ಕಡೆಯಿಂದ ತಣ್ಣನೆ ಗಾಳಿ ಬಂತು. ಗಂಗಾಧರಪ್ಪನವರು ಎದ್ದು, ಮಗಳಿಗೆ ಥಂಡಿಯಾದೀತೆಂದು ಕಿಟಕಿಯ ಬಾಗಿಲು ಇಳಿಸಿದರು, ಮತ್ತೆ ತಮ್ಮ ಜಾಗಕ್ಕೆ ಹೋಗಿ ಕೂತರು.